ಯಮನಪ್ಪ ಕಾಕಾ ಗಾಳಿಯ ರುಚಿ ನೋಡುತ್ತಿದ್ದರು

ಯಮನಪ್ಪ ಕಾಕಾ ನೀರಿಗಿಳಿಯುವ ಮೊದಲು ಗಾಳಿಯ ರುಚಿ ನೋಡುತ್ತಿದ್ದರು. ಸಿಲಿಂಡರಿನ ಬಾಯಿ ಒಂದಿಷ್ಟೇ ತಿರುಗಿಸಿ, ಸುಂಯ್ ಎಂದು ಹೊರಬಂದ ಗಾಳಿಯನ್ನು ನಾಲಿಗೆಯ ಮೇಲೆ ಹಿಡಿದು, ಮಜ್ಜಿಗೆ ಹುಳಿ ಬಂದಿದೆಯೇ ಎಂದು ನೋಡುವ ಹೆಂಗಸರ ಹಾಗೆ ಕಣ್ಣು ಮುಚ್ಚಿ ನಿಲ್ಲುವರು. ಗಾಳಿ ತುಂಬುವ ಯಂತ್ರದ ಎಣ್ಣೆವಾಸನೆ ತುಸು ಬಂದರೂ ಸಾಕು, ಆ ಸಿಲಿಂಡರು ಅಂದು ಕೆಲಸಕ್ಕಿಲ್ಲ. "ಊಟ ಕೆಟ್ರ ಹೊಟ್ಟಿ ಕೆಡತೈತಿ ತಮ್ಮಾ. ಗಾಳಿ ಕೆಟ್ರ ಮನಶ್ಯಾನ ಕೆಡತಾನ" ಎನ್ನುವರು.

ಎಂಬತ್ತರ ದಶಕದಲ್ಲಿ ನಾನು ರಬಕವಿ-ಬನಹಟ್ಟಿಗೆ ಕೃಷ್ಣೆಯ ನೀರೆತ್ತುವ ಪಂಪ್‌ಹೌಸಿನಲ್ಲಿ ಟೈಮ್‌ಕೀಪರ್ ಆಗಿದ್ದೆ. ಕಾಕಾ ಅನಗವಾಡಿಯ ಅಂಬಿಗರು. ಹರೆಯದಲ್ಲಿ ಮುಂಬಯಿಗೆ ಹೋಗಿ, ಹನ್ನೊಂದು ವರ್ಷ ಬಂದರಿನಲ್ಲಿ ಹಡಗುಗಳ ತಳ ರಿಪೇರಿ ಮಾಡಿ, ಎರಡು ಸಿಲಿಂಡರು, ಗಾಳಿ ತುಂಬುವ ಒಂದು ಹಳೆಯ ಯಂತ್ರದೊಂದಿಗೆ ಊರಿಗೆ ಮರಳಿದ್ದರು. ನೀರೊಳಗಿನ ಕೊಳವೆ, ಜಾಲರಿ ಕಟ್ಟಿಕೊಂಡಾಗ ನಮ್ಮ ಇಲಾಖೆ ಅವರನ್ನು ಕರೆಸುತ್ತಿತ್ತು. ದಂಡೆಯಲ್ಲಿ ಕುಳಿತವರು ಚೇಷ್ಟೆ ಮಾಡದೆ ಬಿಡುತ್ತಿರಲಿಲ್ಲ.

"ಯಮನಪ್ಪಾ, ಬೆನ್ನಿಗಿ ಗ್ಯಾಸ್ ಕಟಗೊಂಡು ನೀರಾಗ ಚಾ ಕಾಸಾಕ ಹೊಂಟೀಯೇನಲೇ?"

"ಹೌದಪಾ. ಮೀನ ಮುಂಜಾನಿಂದ ಕಾಯಾಕತ್ತಾವು. ನೀನೂ ಬರತೀಯೇನು?"

ನಗುತ್ತಿದ್ದ ಅವರಿಗೆ ಒಂದೇ ನೋವು. ನಮ್ಮ ಹಾಜರಿ ಪುಸ್ತಕದಲ್ಲಿ ಅವರ ಹೆಸರು ಗುದ್ದಲಿ-ಬುಟ್ಟಿಯವರ ಸಾಲಿನಲ್ಲಿ, 'ಕೂಲಿ' ಎಂಬ ತಲೆಬರಹದ ಕೆಳಗೆ ಇತ್ತು. "ಸಮುದ್ರದಾಗ ನನ್ನ ಡೈವರ್ ಅಂತಿದ್ರು. ನಮ್ಮ ಹೊಳ್ಯಾಗ ನಾ ಕೂಲಿ ಹೆಂಗ ಆದೆ?" ಎಂದು ಒಮ್ಮೆ ಕೇಳಿದರು. ಅದನ್ನು ತಿದ್ದುವ ಅಧಿಕಾರ ನನ್ನದಲ್ಲ, ಇಂಜಿನಿಯರ್ ಸಾಹೇಬರದು.

ಅವರ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿರುತ್ತಿತ್ತು. ಒಂದು ಜಗ್ಗು, ಕ್ಷೇಮ. ಎರಡು, ಸಡಿಲ ಬಿಡು. ಮೂರು, ಮೇಲಕ್ಕೆಳೆ. ಇಳಿದ ವೇಳೆ, ಎದ್ದ ವೇಳೆ, ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಮುಳ್ಳು, ಎಲ್ಲವನ್ನೂ ನಾನು ಬರೆದಿಡುತ್ತಿದ್ದೆ. ನನ್ನ ಹಗ್ಗದ ಮೇಲೆ ಅವರು ಮುಳುಗಿದ್ದು ನಲವತ್ಮೂರು ಸಲ. ಪ್ರತಿ ಸಲವೂ, ತಾವು ಒಳಗಿರುವಾಗ ಯಾರೂ ಪಂಪು ಶುರು ಮಾಡದಂತೆ, ಅದರ ಫ್ಯೂಜುಗಳನ್ನು ತಾವೇ ಕಿತ್ತು ಅರಿವೆಯಲ್ಲಿ ಗಂಟು ಕಟ್ಟಿ, ಆಪರೇಟರ್ ಮಲ್ಲಪ್ಪನನ್ನು ಆ ಗಂಟಿನ ಮೇಲೆಯೇ ಕೂಡಿಸುವರು. "ಕಾಕಾ, ತತ್ತಿ ಮ್ಯಾಲೆ ಕೋಳಿ ಕುಂತಂಗ ಆತಲ್ಲ" ಎಂದರೆ, "ಹೂಂ, ಏಳಬ್ಯಾಡ. ಮರಿ ನಾನ ಅದೇನಿ" ಎನ್ನುವರು.

ಮಹಾನವಮಿಯ ಹಿಂದಿನ ವಾರ, ಅಕ್ಟೋಬರ್ ಎಂಟು. ಊರಿಗೆ ನೀರಿಲ್ಲದೆ ಮೂರನೆಯ ದಿನ. ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ತೊಟ್ಟಿಗಳು ಒಣಗಿದ್ದವು. ಹೊಳೆಯ ನೀರು ಕೊಳವೆಯ ಮೂಲಕ ಪಂಪ್‌ಹೌಸಿನ ಭಾವಿಗೆ ಬರಬೇಕು, ಬರುತ್ತಿರಲಿಲ್ಲ. ಕೊಳವೆಯ ಗೇಟು ಮುರಿದಿದೆ ಎಂದು ಸಾಹೇಬರು ತೀರ್ಮಾನಿಸಿದ್ದರು.

"ಯಮನಪ್ಪ, ಭಾವಿ ಗ್ವಾಡಿ ಒಡೀಬೇಕು, ತಿಂಗಳದ ಕೆಲಸ. ಹೊರಗಿನ ಕಂಪನಿಯವರು ನಾಳೆ ಬರ್ತಾರ."

"ಒಮ್ಮೆ ಕೈಯಾಡಿಸಿ ನೋಡ್ತೇನ್ರಿ ಸಾಹೇಬ್ರ."

"ನೋಡು. ಆದ್ರ ಇವತ್ತ ಸಂಜಿತನಾ ಅಷ್ಟ. ಆಗಲಿಲ್ಲಂದ್ರ ಇನ್ನ ಮುಂದ ಎಲ್ಲಾ ಕೆಲಸ ಕಂಪನಿದು. ನೀ ದೋಣಿ ನಡಸ್ಕೋತ ಇರು."

10.20ಕ್ಕೆ ಇಳಿದರು. 10.51ಕ್ಕೆ ಎದ್ದರು.

"ಗೇಟ್ ಅಲ್ಲರೀ. ಕೌದಿ."

ಸಾಹೇಬರು ನಕ್ಕರು. "ಊರಿಗೆ ನೀರಿಲ್ಲ, ನಿನಗ ನಿದ್ದಿ ಬಂತೇನು?"

"ಖರೇನ ರೀ. ಬೆರಳಿಗಿ ಹೊಲಿಗಿ ಹತ್ತಿದ್ವು, ಸಾಲಸಾಲ. ನಮ್ಮವ್ವ ಕೌದಿ ಹೊಲ್ಯೂಮುಂದ ಸೂಜಿಗಿ ದಾರ ಪೋಣಿಸಿದಾಂವ ನಾ. ತಪ್ಪೂದಿಲ್ಲ."

ಹೊಸನೀರಿನ ಕೆಂಪಿನಲ್ಲಿ ಅವರಿಗೆ ತಮ್ಮ ಅಂಗೈ ಸಹ ಕಾಣುತ್ತಿರಲಿಲ್ಲ. ಹಬ್ಬಕ್ಕೆ ಹಾಸಿಗೆ-ಹೊದಿಕೆಯನ್ನೆಲ್ಲ ಹೊಳೆಗೆ ಒಯ್ದು ಒಗೆಯುವುದು ನಮ್ಮ ಕಡೆಯ ರೂಢಿ. ಹಾಗೆ ತೇಲಿಹೋದ, ಹಳೆಯ ಅರಿವೆಗಳನ್ನು ಸೇರಿಸಿ ಹೊಲಿದ ಒಂದು ಕೌದಿ ಕೊಳವೆಯ ಬಾಯಿಗೆ ಮೆತ್ತಿಕೊಂಡು, ಅದರ ಮೇಲೆ ಉಸುಕು ಕೂತಿತ್ತು. ಕಾಕಾ ಅದರಲ್ಲಿ ಚೂರಿಯಿಂದ ಎರಡು ಸೀಳು ಹಾಕಿ ಬಂದಿದ್ದರು. ಭಾವಿಯೊಳಗೆ ಇಣುಕಿದವರೊಬ್ಬರು "ನೀರ ಬರಾಕತ್ತೈತಿ!" ಎಂದು ಕೂಗಿದರು.

"ಮತ್ತ ಹೋಗು, ಜಗ್ಗಿ ತಗದ ಬಿಡು" ಎಂದರು ಸಾಹೇಬರು.

ಕಾಕಾ ದಂಡೆಯ ಮೇಲೆ ಕುಳಿತುಬಿಟ್ಟರು. "ಭಾವಿ ಖಾಲಿ ಐತಿ, ಹೊಳಿ ತುಂಬೇತಿ. ಈಗ ತಗದ್ರ ಕೌದಿ ಬೆನ್ನಹಿಂದ ನಾನೂ ಕೊಳವಿಯೊಳಗ. ಎರಡೂ ನೀರು ಸಮಾ ಆಗಲಿ."

ಹನ್ನೆರಡಾಯಿತು, ಎರಡಾಯಿತು. ಸಾಹೇಬರು ಗಡಿಯಾರ ನೋಡುತ್ತ ಅತ್ತಿಂದಿತ್ತ ತಿರುಗಿದರು. "ಅಂಜಿಕಿ ಬಂದಿದ್ರ ಹೇಳಿಬಿಡು" ಎಂದರು. ಆ ಮಾತಿಗೆ ಕಾಕಾನ ಮುಖ ಕೆಂಪಾಯಿತು, ಆದರೆ ಅವರು ಏಳಲಿಲ್ಲ. ರೊಟ್ಟಿ ಬಿಚ್ಚಿ, ಅರ್ಧ ನನಗೆ ಕೊಟ್ಟು, "ಅಂಜಿಕಿನೂ ಸಾಮಾನಿನ್ಯಾಗ ಒಂದು. ಮನಿಯಾಗ ಬಿಟ್ಟ ಬರಬಾರದು" ಎಂದು ನನಗಷ್ಟೇ ಕೇಳುವಂತೆ ಹೇಳಿದರು. ನನ್ನ ಪುಸ್ತಕದಲ್ಲಿ ಹೀಗಿದೆ: ಮುಳುಗಿದ್ದು 31 ನಿಮಿಷ, ಕುಳಿತದ್ದು 4 ತಾಸು 14 ನಿಮಿಷ.

3.05ಕ್ಕೆ ಮತ್ತೆ ಇಳಿದರು. ಉಳಿದದ್ದು ಅದೊಂದೇ ಸಿಲಿಂಡರು. ಹದಿನೆಂಟನೆಯ ನಿಮಿಷಕ್ಕೆ ಒಂದು ಜಗ್ಗು. ಆಮೇಲೆ ಇಲ್ಲ. ಇಪ್ಪತ್ತಾರಕ್ಕೆ ನಾನೇ ಜಗ್ಗಿ ಕೇಳಿದೆ, ಉತ್ತರವಿಲ್ಲ. ಹಿಂದಿನಿಂದ ಇನ್ನೆರಡು ಕೈ ಹಗ್ಗಕ್ಕೆ ಬಂದವು, ಸಾಹೇಬರವು. ಎಳೆಯಲು ಇಬ್ಬರೂ ಕಾಲೂರಿದೆವು. ಅಷ್ಟರಲ್ಲಿ ಒಂದು, ಎರಡು, ಮೂರು ಜಗ್ಗು. ಎಳೆದೆವು. ಮೊದಲು ಮೇಲೆ ಬಂದದ್ದು ಸತ್ತ ಎಮ್ಮೆಯಂಥ ಕರಿ ಗಂಟು. ಅದರ ಹಿಂದೆ ಕಾಕಾನ ನಗುವ ಮುಖ.

ಫ್ಯೂಜು ಕೂಡಿಸಿದ ಕ್ಷಣವೇ ಪಂಪು ಗುಡುಗಿತು. ಪಂಪ್‌ಹೌಸಿನ ಮುಂದಿನ ಕೊಳಾಯಿಯ ಮೊದಲ ಕೆಮ್ಮಿಗೆ ದಂಡೆಯೆಲ್ಲ ಸಿಳ್ಳೆ ಹೊಡೆಯಿತು. ಅದರ ನಡುವೆ ಬಟ್ಟೆ ಒಗೆಯುತ್ತಿದ್ದ ಗಂಗವ್ವಾಯಿ ಓಡಿಬಂದು ಗಂಟನ್ನು ಬಿಡಿಸಿ ಕಿರುಚಿದಳು:

"ಅಯ್ಯ, ನನ್ನ ಕೌದಿ! ಯಾಂವಲೇ ಇದನ್ನ ಹರದಾಂವ?"

"ನಾನ ಬೇ."

"ಎರಡು ಚಳಿಗಾಲ ಹೊಲದೇನೋ ಮೂಳಾ! ಬಿಚ್ಚಾಕ ಬರತಿರಲಿಲ್ಲೇನು?"

ಮೂರು ದಿನ ಎರಡು ಊರಿಗೆ ನೀರು ನಿಲ್ಲಿಸಿದ್ದವಳ ಮುಂದೆ ಕಾಕಾ ಕೈಕಟ್ಟಿ ನಿಂತು ಬೈಸಿಕೊಂಡರು. ಸಾಹೇಬರು ನಗುತ್ತ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಹಾಜರಿ ಪುಸ್ತಕದಲ್ಲಿ ಹೊಸದೊಂದು ಪುಟ ತಿರುವಿ, ಮೇಲೆ 'ಡೈವರ್' ಎಂದೂ ಕೆಳಗೆ ಒಂದೇ ಹೆಸರನ್ನೂ ಬರೆದರು. ಕಂಪನಿಯವರಿಗೆ ಬರಬೇಡಿರೆಂದು ಅಂದೇ ಫೋನು ಹೋಯಿತು.

ಕಾಕಾನನ್ನು ನಾನು ಕೊನೆಯ ಸಲ ಕಂಡದ್ದು ಮೂರು ವರ್ಷದ ನಂತರ, ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ. ಘಟ್ಟದ ಕೆಳಗಿನ ಒಂದು ಆಣೆಕಟ್ಟಿನ ಕೆಲಸಕ್ಕೆ ಹೆಸರು ಹಿಡಿದು ಪತ್ರ ಬಂದಿತ್ತು. ಕಂಡಕ್ಟರ್ ಸಿಲಿಂಡರನ್ನು ಟಾಪಿಗೆ ಹಾಕು ಎಂದ. ಕಾಕಾ ಪತ್ರ ತೋರಿಸಿದರು. ಆತ ಓದಿ, ತಲೆಯಿಂದ ಕಾಲತನಕ ಅವರನ್ನು ನೋಡಿ, "ನೀರಿನ ತಳಕ್ಕ ಹೋಗವರು ನೀವನ ಏನ್ರೀ?" ಎಂದು ಕಿಟಕಿಯ ಸೀಟು ಬಿಡಿಸಿಕೊಟ್ಟ. ಬಸ್ಸು ತಿರುಗಿದಾಗ ನೋಡಿದೆ: ಆ ಸೀಟಿನಲ್ಲಿ ಸಿಲಿಂಡರು ಕುಳಿತಿತ್ತು. ಕಾಕಾ ಅದರ ಹೆಗಲ ಮೇಲೆ ಕೈಯಿಟ್ಟು, ಬೀಗರನ್ನು ಕರೆದೊಯ್ಯುವವರ ಠೀವಿಯಲ್ಲಿ, ಪಕ್ಕದಲ್ಲೇ ನಿಂತಿದ್ದರು.