ಹೊನ್ನಕ್ಕ ಒಪ್ಪಿದ ಮೂರು ಹೆಸರುಗಳು

ನನ್ನ ದೊಡ್ಡಮ್ಮ ಹೊನ್ನಕ್ಕ ಕೊಣನೂರಿನ ಬಸ್‌ಸ್ಟ್ಯಾಂಡ್ ಹಿಂದೆ ಇಪ್ಪತ್ತೊಂಬತ್ತು ವರ್ಷ ಬಟ್ಟೆ ಹೊಲಿದವಳು. ಅಷ್ಟು ವರ್ಷದಲ್ಲಿ ಬರೀ ಟೇಪನ್ನು ನಂಬಿ ಒಂದು ರವಿಕೆಗೂ ಕತ್ತರಿ ಹಾಕಿಲ್ಲ. ಟೇಪು ಹಿಡಿದ ಕೂಡಲೇ ಹೆಂಗಸರು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ ಎಂಬುದು ಅವಳ ಗುಮಾನಿ. ಅಳತೆಗೆ ಹಳೆಯ ರವಿಕೆ ತಂದುಕೊಡಬೇಕು. ಅದನ್ನೂ ತಿರುವಿ ನೋಡಿ, "ಇದು ನಿಂದೋ, ನಿನ್ ತಂಗೀದೋ?" ಎಂದು ಕೇಳುವಳು.

ಹೋದ ವರ್ಷ ಮೊಣಕಾಲು ನೋವು ಹೆಚ್ಚಿ, ಇನ್ನು ಮೆಷಿನ್ ತುಳಿಯಬಾರದು ಎಂದು ಡಾಕ್ಟರು ಹೇಳಿಬಿಟ್ಟರು. ಹಾಸನದ ಹೊಲಿಗೆ ತರಬೇತಿ ಕೇಂದ್ರವೊಂದಕ್ಕೆ ಕಲಿಸುವವರು ಬೇಕಾಗಿದ್ದರು. ದೊಡ್ಡಮ್ಮ ಅರ್ಜಿ ಹಾಕಿದಳು. ಆ ಕೆಲಸ ಸಿಕ್ಕದಿದ್ದರೆ ಕಲಿತ ಕಸುಬು ಬಿಟ್ಟು ಮನೆಯಲ್ಲಿ ಕೂರಬೇಕಿತ್ತು. ಸಂದರ್ಶನದಲ್ಲಿ ಬಟ್ಟೆ, ಉಡುಪುಗಳ ಇಂಗ್ಲಿಷ್ ಹೆಸರಿನ ಮೂಲ ಕೇಳುತ್ತೇವೆಂದು ಐದು ಹೆಸರು ಕಳಿಸಿದ್ದರು. ನಾನು ಹುಡುಕಿ ಬರೆದುಕೊಟ್ಟೆ. ಪೈಜಾಮ ಎಂದರೆ ಕಾಲಿನ ಬಟ್ಟೆ. ಖಾಕಿ ಎಂದರೆ ಧೂಳಿನ ಬಣ್ಣ. ಒರಟು ಬಟ್ಟೆಯ ಡಂಗರಿ ಮುಂಬೈನ ಡೋಂಗ್ರಿಯಿಂದ, ಜೀನ್ಸಿನ ಬಟ್ಟೆ ಡೆನಿಮ್ ಫ್ರಾನ್ಸಿನ ನೀಮ್ ಎಂಬ ಊರಿನಿಂದ ಬಂದದ್ದು. ಮುಂದೆ ಗುಂಡಿಯಿರುವ ಸ್ವೆಟರಿನ ಹೆಸರು ಕಾರ್ಡಿಗನ್ ಒಬ್ಬ ಇಂಗ್ಲಿಷ್ ಸೇನಾಧಿಕಾರಿಯ ಬಿರುದು.

"ಲೇ ಕವನಾ, ಇದ್ನೆಲ್ಲ ನೀನೇ ಕಟ್ಟಿದ್ದು ತಾನೆ?" ಎಂದಳು ದೊಡ್ಡಮ್ಮ.

"ಪುಸ್ತಕದಲ್ಲೈತೆ ದೊಡ್ಡವ್ವ."

"ಪುಸ್ತಕ ಬರ್ದೋನ್ನ ನೀನ್ ಕಂಡಿದ್ದೀಯಾ?"

ಸಂತೆಯ ದಿನ, ಗುಂಡಿ ದಾರ ಮಾರುವ, ಉರ್ದು ಬಲ್ಲ ಅನ್ವರ್ ಸಾಬರ ಮುಂದೆ ಹೋಗಿ ನಿಂತಳು. ಹಾಳೆ ತೋರಿಸಲಿಲ್ಲ, ತೋರಿಸಿದರೆ ಅದನ್ನೇ ಓದಿ ಹೇಳಿಬಿಟ್ಟಾರು ಎಂದು. ಬರೀ ಹೆಸರು ಹೇಳಿ ಅರ್ಥ ಕೇಳಿದಳು.

"ಪಾ ಅಂದ್ರೆ ಕಾಲು, ಜಾಮಾ ಅಂದ್ರೆ ಉಡುಪು. ಖಾಕ್ ಅಂದ್ರೆ ಧೂಳು," ಎಂದ ಸಾಬರು ನಕ್ಕರು. "ಇದ್ಕೂ ಸಾಕ್ಷಿ ಬೇಕಾ ಹೊನ್ನಕ್ಕ?"

"ನಿಮ್ ದಾರಾನೇ ಎಲ್ಡು ಕಿತ ಎಳ್ದು ನೋಡ್ತೀನಿ, ಮಾತ್ನ ಅಂಗೇ ಬುಟ್ಬುಡ್ತೀನಾ?"

ಡೋಂಗ್ರಿಯ ವಿಚಾರಕ್ಕೆ ಮುಂಬೈನಲ್ಲಿದ್ದ ಸಾಬರ ಭಾವಮೈದುನನಿಗೇ ಫೋನು ಹೋಯಿತು. ಅಂಥ ಜಾಗ ಇದೆ, ಅಲ್ಲಿ ಹಿಂದೆ ಒರಟು ಬಟ್ಟೆ ಮಾರುತ್ತಿದ್ದರಂತೆ ಎಂದು ಅವನು ಹೇಳಿದ ಮೇಲೆ ಮೂರಕ್ಕೆ ಗುರುತು ಹಾಕಿದಳು. ಫ್ರಾನ್ಸು ಕಂಡವರು, ಆ ಸೇನಾಧಿಕಾರಿಯನ್ನು ಬಲ್ಲವರು ಸಂತೆಯಲ್ಲಿ ಸಿಕ್ಕಲಿಲ್ಲ. ಉಳಿದೆರಡನ್ನು ಹೊಡೆದುಹಾಕಿದಳು.

ಸಂದರ್ಶನದಲ್ಲಿ ಮೂರನ್ನಷ್ಟೇ ಹೇಳಿದಳಂತೆ. ಮಿಕ್ಕವು ಗೊತ್ತಿಲ್ಲವೇ ಎಂದು ಅಧಿಕಾರಿ ಕೇಳಿದರು.

"ಏಳ್ಕೊಟ್ಟವ್ರೆ ಸಾ. ವಿಚಾರ್ಸಕ್ಕಾಗ್ಲಿಲ್ಲ. ನಂಗೇ ನಂಬ್ಕೆ ಇಲ್ದೇ ಇರೋದ್ನ ಎಣ್ಮಕ್ಳಿಗೆ ಎಂಗ್ ಏಳ್ಕೊಡ್ಲಿ?"

ಕೆಲಸ ಹೋಯಿತೆಂದು ನಾನು ಆಸೆ ಬಿಟ್ಟಿದ್ದೆ. ಮೂರು ವಾರಕ್ಕೆ ಅಂಚೆಯಲ್ಲಿ ನೇಮಕದ ಪತ್ರ ಬಂತು. ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದು ಮೊಹರನ್ನು ಉಗುರಿನಿಂದ ಕೆರೆದು ನೋಡಿದಳು. ಮರುದಿನ ನನ್ನನ್ನೂ ಎಳೆದುಕೊಂಡು ಹಾಸನದ ಬಸ್ಸು ಹತ್ತಿದಳು. ಕೇಂದ್ರದ ಗುಮಾಸ್ತ ಪರಮಶಿವಯ್ಯ ಪತ್ರ ನೋಡಿ, "ನಮ್ದೇ ಇದು," ಎಂದರು. ಆಮೇಲೆ ತಲೆಯೆತ್ತಿ, "ಆದ್ರೆ ಹೊನ್ನಕ್ಕ ನೀವೇ ಅಂತ ನಂಗೆಂಗೆ ಗೊತ್ತಾಗ್ಬೇಕು?" ಎಂದು ಕೇಳಿದರು.

ದೊಡ್ಡಮ್ಮನಿಗೆ ಆ ಮನುಷ್ಯ ಬಹಳ ಹಿಡಿಸಿದರು. ಆಧಾರ್ ಕಾರ್ಡು ತೆಗೆದುಕೊಟ್ಟು, ಅವರು ಫೋಟೋವನ್ನೂ ಮುಖವನ್ನೂ ಹೋಲಿಸಿ ಮುಗಿಸುವವರೆಗೆ ಅಲುಗದೆ ನಿಂತಳು.