ನಾಯಿಯ ಹೊಟ್ಟೆ ಮುಟ್ಟಿ ನೋಡಿದವರು

ಕಾಕಾ ಅವರ ಬಲಗೈ ತೋರುಬೆರಳು ಸೊಟ್ಟಗಿತ್ತು. ಎಂದೋ ಎಮ್ಮೆಯೊಂದು ಒದ್ದ ಗುರುತು. ಆ ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು, ಅದೇ ಬೆರಳಿನಿಂದ ನನ್ನ ನಾಯಿ ಮೋತಿಯ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡುತ್ತಿದ್ದರು. ಅವರು ಆರಾಮಾಗಿದ್ದಾರೆಂದೇ ನಾನು ನಂಬಿದ್ದೆ.

ನಾರಾಯಣಗೂಡದ ನಮ್ಮ ಕಟ್ಟಡದಲ್ಲಿ ಅವರ ಮನೆ ಕೆಳಗೆ, ನನ್ನದು ಮೇಲೆ. ಬೀದರ ಕಡೆಯವರು, ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ನಿವೃತ್ತರಾದವರು. ಹೊರಗೆ ತೆಲುಗು, ಹಿಂದಿ. ನನ್ನ ಜೊತೆ ಕನ್ನಡ, ಅದರಲ್ಲೂ ಹೆಚ್ಚು ಬೈಗುಳ. ಊರಿನ ಆಚೆ ತುದಿಯ ಮಾದಾಪುರದಲ್ಲಿ ಐಟಿ ಕಂಪನಿಗಳ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಅಲ್ಲಿಯ ಕೆಲಸ ಮುಗಿಸಿ ನಾನು ಮನೆಗೆ ಬರುವಾಗ ಹೊತ್ತು ಮೀರಿರುತ್ತಿತ್ತು. ಮೋತಿಯನ್ನು ದಿನವಿಡೀ ಒಂಟಿಯಾಗಿ ಬಿಟ್ಟಿದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಆಫೀಸಿನ ಪಾರ್ಟಿಯ ಬಿರಿಯಾನಿ ಎಲುಬುಗಳನ್ನು ಕಟ್ಟಿಸಿ ತಂದು ಹಾಕುತ್ತಿದ್ದೆ. ಈ ಸಲ ಅದನ್ನು ತಿಂದ ಮೋತಿ ಬೆನ್ನು ಬಾಗಿಸಿ ಮುಕ್ಕರಿಯುತ್ತಿತ್ತು, ಕಕ್ಕಸು ಮಾತ್ರ ಆಗುತ್ತಿರಲಿಲ್ಲ.

"ನಿನ್ನೆಯಿಂದ ಹಿಂಗ ಐತ್ರಿ ಕಾಕಾ. ಹರಳೆಣ್ಣಿ ಕುಡಸ್ಲೇನ್ರಿ?"

"ಮೊದ್ಲ ನೀ ಕುಡಿ! ಎಲುಬು ಹಾಕಾಕಿ ನೀ, ಮುಕ್ಕರಿಯೋದು ಅದು. ಇದ್ಯಾವ ನ್ಯಾಯ ತಂಗಿ?"

ಸಿಹಿಗುಂಬಳವನ್ನು ಉಪ್ಪು, ಖಾರ ಇಲ್ಲದೆ ಬೇಯಿಸಿ, ಕಿವುಚಿ, ಎರಡು ಚಮಚದಷ್ಟನ್ನು ಅನ್ನದಲ್ಲಿ ಕಲೆಸಿ ಹಾಕಿಸಿದರು. ನೀರು ಕುಡಿಸಿ, ಓಣಿಯಲ್ಲಿ ತಾವೇ ಸುತ್ತಾಡಿಸಿದರು. "ನಾಳಿಗೂ ಆಗ್ಲಿಲ್ಲಂದ್ರ, ಇಲ್ಲಾ ವಾಂತಿ ಮಾಡ್ಕೊಂಡ್ರ, ಡಾಕ್ಟರ್ ಕಡೆ ಒಯ್ಯಬೇಕು. ಮನಿ ಔಷಧಕ್ಕ ಒಂದು ಗಡಿ ಐತಿ." ಸಂಜೆ ಕಂಬದ ಬುಡದಲ್ಲಿ ಮೋತಿ ಹಗುರಾಗಿ ಎದ್ದಾಗ, ಓಣಿಗೆಲ್ಲ ಕೇಳುವಂತೆ ಕೂಗಿದರು: "ಆತು! ಆತು!"

ಮರಳಿ ಬರುವಾಗ, ಮುಖ ಆಚೆ ತಿರುಗಿಸಿ ಅಂದರು: "ತಂಗಿ, ನನಗೂ ಭಾಳ ದಿನದಿಂದ ಸರಿ ಆಗವಲ್ದು. ನಿನಗ ಗೊತ್ತಿದ್ದ ಡಾಕ್ಟರ್ ಯಾರರ ಅದಾರೇನು?"

ನಾನು ನಕ್ಕುಬಿಟ್ಟೆ. "ನೀವೂ ಎರಡು ಚಮಚ ಕುಂಬಳಕಾಯಿ ತಿನ್ರಿ ಕಾಕಾ. ಓಣ್ಯಾಗ ನಾ ಅಡ್ಡಾಡಸ್ತೀನಿ."

ಅವರೂ ನಕ್ಕರು. ಅಷ್ಟರಲ್ಲಿ ಆಫೀಸಿನ ಫೋನ್ ಬಂತು. ನಾನು ಮೇಲೆ ಹೋದೆ. ಆಮೇಲೆ ಅವರು ಆ ಮಾತೆತ್ತಲಿಲ್ಲ. ಊರಿನ ದನ, ನಾಯಿಗಳ ಹೊಟ್ಟೆಯ ಸುದ್ದಿ ಎಗ್ಗಿಲ್ಲದೆ ಆಡುತ್ತಿದ್ದ ಮನುಷ್ಯನಿಗೆ ತನ್ನ ಹೊಟ್ಟೆಯ ಬಗ್ಗೆ ಎರಡನೆಯ ಸಲ ಬಾಯಿಬಿಡಲು ಆಗಲಿಲ್ಲ.

ಕರುಳಿನಲ್ಲಿ ಗಡ್ಡೆ ಇದೆಯೆಂದು ತಿಳಿಯುವಾಗ ತಿಂಗಳುಗಳು ಕಳೆದಿದ್ದವು. ನೋಡಲು ಹೋದರೆ, ವಾರ್ಡಿನ ಹೊರಗೆ ಬೆಂಚಿನ ಮೇಲೆ ಅವರ ಹೆಂಡತಿ ಕೂತಿದ್ದರು.

"ನಿನಗ ಹೇಳಿದ್ರಂತಲ್ಲ," ಅಂದರು. "ನನಗ ಹೇಳಾಕ ನಾಚ್ಕಿ ಬಂತಂತ."

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ವಾರ್ಡಿನ ಬಾಗಿಲು ತಳ್ಳಿದೆ. ಒಳಗೆ ಕಾಕಾ ಮೋತಿಯ ಬಗ್ಗೆ ಮಾತ್ರ ವಿಚಾರಿಸಿದರು. ನಾನೂ ಮೋತಿಯ ಬಗ್ಗೆ ಮಾತ್ರ ಹೇಳಿ ಬಂದೆ. ಅದಾದ ಮೂರನೆಯ ವಾರ ಅವರು ತೀರಿಹೋದರು.

ಅಂದು ನಗದೆ ಕೇಳಿಸಿಕೊಂಡಿದ್ದರೆ ಅವರು ಉಳಿಯುತ್ತಿದ್ದರೇ? ಡಾಕ್ಟರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರ ಹೆಂಡತಿ ಎದುರಾದಾಗ ಮಾತಾಡಿಸುತ್ತಾರೆ, ಒಳಗೆ ಕರೆಯುವುದಿಲ್ಲ. ಕರೆಯಬೇಕೆಂದು ನಾನು ಬಯಸುವುದೂ ಇಲ್ಲ.

ಈಗ ಈ ಕಟ್ಟಡದಲ್ಲಿ ನನ್ನನ್ನು ಕನ್ನಡದಲ್ಲಿ ಬೈಯುವವರು ಯಾರೂ ಇಲ್ಲ.