ಕಾಳಿನ ಮಾತು ಕೇಳುತ್ತಿದ್ದ ಶಾನುಭೋಗರು

ಕೊರಟಗೆರೆ ಸೀಮೆಯ ಶಾನುಭೋಗರೊಬ್ಬರು ರಾಗಿ ತೆನೆಯನ್ನು ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಪೂರ್ತಿ ಬೆಳೆ ಹದಿನಾರಾಣೆಯಾದರೆ ಈ ಸಲದ್ದು ಎಷ್ಟಾಣೆ ಎಂದು ಹೇಳಿಬಿಡುತ್ತಿದ್ದರು. "ಕಾಳು ಮಾತಾಡ್ತದೆ ಕಣಯ್ಯ, ಕೇಳಿಸ್ಕೋಬೇಕು" ಎನ್ನುತ್ತಿದ್ದರು. ನಾಲ್ಕಾಣೆಗಿಂತ ಕಡಿಮೆ ಬರೆದರೆ ರೈತರಿಗೆ ಕಂದಾಯ ಮಾಫಿ.

ಒಮ್ಮೆ ನಮ್ಮ ಬೆಳೆ ಲೆಕ್ಕದ ಕ್ರಮ ನೋಡಲು ಜಾವಾದಿಂದ ಡಚ್ ಅಧಿಕಾರಿಯೊಬ್ಬರು ಬಂದರು. ತಾಲ್ಲೂಕು ಕಚೇರಿಯ ಗುಮಾಸ್ತನಾದ ನಾನೇ ದುಭಾಷಿ. ಶಾನುಭೋಗರು ಒಂದು ಹೊಲದ ತೆನೆ ಉಜ್ಜಿ ನೋಡಿ ಆರಾಣೆ ಎಂದರು. ಅಧಿಕಾರಿ ತಮ್ಮ ದೇಶದ ರೀತಿ ತೋರಿಸುತ್ತೇನೆಂದು ಹಗ್ಗ ಹಿಡಿದು ಅದೇ ಹೊಲದ ತುಂಡೊಂದನ್ನು ಅಳೆದು, ಕೊಯ್ಯಿಸಿ, ಒಕ್ಕಿಸಿ, ತೂಗಿಸಿದರು. ಪೂರ್ತಿ ಬೆಳೆಯ ತೂಕಕ್ಕೆ ಹೋಲಿಸಿದರೆ ಮೂರಾಣೆಯಷ್ಟೇ ಬಂತು. ಸುತ್ತ ನಿಂತ ರೈತರು ತಕ್ಕಡಿಯತ್ತ ಬಗ್ಗಿ ನೋಡಿದರು.

"ಮೂರು ಅಂತ ಬರಿಯಯ್ಯ. ನಾನು ತಪ್ಪಿದೆ ಅಂತ ಅವರಿಗೆ ಇಂಗ್ಲಿಷಿನಲ್ಲಿ ನೀನು ಹೇಳು, ಇವರಿಗೆ ನಾನೇ ಹೇಳ್ತೀನಿ" ಎಂದು ಶಾನುಭೋಗರು ರೈತರತ್ತ ತಿರುಗಿ ಕೈಮುಗಿದರು.

ಆ ಹೊಲದ ಒಡೆಯನಾದ ಮುದುಕ ಅವರ ಕೈ ಹಿಡಿದುಕೊಂಡ. "ಬುಡಿ ಸ್ವಾಮಿ, ತೆನೆ ನೋಡಕ್ಕೆ ಚೆನ್ನಾಗೇ ಇದ್ವು."